ಕೈಬಿಟ್ಟ ಮೂವತ್ತೊಂದು

ಅಕ್ಕನ ಮನೆಯಿಂದ
ಗುರುವಾರ, ಬೆಳಿಗ್ಗೆ ಹತ್ತೂವರೆ

ಡಾಕ್ಟರೇ,

ಮನೆಯಲ್ಲಿ ನಿಮ್ಮನ್ನು ಎಂದೂ ಹೀಗೆ ಕರೆದವಳಲ್ಲ. ಇವತ್ತು ಬೇರೆ ಶಬ್ದ ಹುಡುಕಿದೆ, ಸಿಗಲಿಲ್ಲ. ನಾನು ಬೆಳಿಗ್ಗೆಯೇ ಅಕ್ಕನ ಮನೆಗೆ ಬಂದೆ. ಅವಳು ಏನೂ ಕೇಳದೆ ಇಸ್ತ್ರಿ ಮೇಜಿನ ಮೇಲಿದ್ದ ಬಟ್ಟೆ ಸರಿಸಿ ಬರೆಯಲು ಜಾಗ ಮಾಡಿಕೊಟ್ಟಳು. ಭಾವ ಮಾತ್ರ ಎರಡು ಸಲ ಬಾಗಿಲಲ್ಲಿ ಇಣುಕಿ, ಚೀಲದಲ್ಲಿ ಎಷ್ಟು ಜೊತೆ ಬಟ್ಟೆ ಇದೆ ಎಂದು ಕಣ್ಣಲ್ಲೇ ಎಣಿಸಿ ಹೋದರು.

ರಕ್ತನಿಧಿಯಲ್ಲಿ ಇಪ್ಪತ್ತೆರಡು ವರ್ಷ ಕೆಲಸ ಮಾಡಿದ್ದೇನೆ. ಚೀಲ ಒಡೆದು ನೆಲಕ್ಕೆ ಹರಿದ ರಕ್ತವನ್ನು ಬಳಿದಿದ್ದೇನೆ, ಕೆಟ್ಟು ಕಪ್ಪಗಾದದ್ದನ್ನು ಚೆಲ್ಲಿದ್ದೇನೆ, ಆಮೇಲೆ ಕೈ ತೊಳೆದು ಡಬ್ಬಿ ಬಿಚ್ಚಿ ಊಟ ಮಾಡಿದ್ದೇನೆ. ಒಮ್ಮೆಯೂ ಹೇಸಿಗೆ ಅನಿಸಿದ್ದಿಲ್ಲ. ಹೋದ ತಿಂಗಳು ಒಂದು ಪೆನ್ಸಿಲ್ ಗೆರೆ ನೋಡಿ ವಾಕರಿಕೆ ಬಂತು.

ಆಸ್ಪತ್ರೆಯಲ್ಲಿ ನಿಮ್ಮ ವಿಭಾಗದ ಮಹಡಿಯ ಹಳೆಯ ಫ್ರೀಜರ್ ಬದಲಾಯಿಸುವ ದಿನ ಸ್ಯಾಂಪಲ್‌ಗಳನ್ನು ಪಟ್ಟಿಯೊಂದಿಗೆ ತಾಳೆ ನೋಡಲು ನನ್ನನ್ನು ಕರೆಸಿದವರು ನೀವೇ. ಆ ಸ್ಯಾಂಪಲ್‌ಗಳ ಮೇಲೆ ನೀವು ಬರೆದ ಪ್ರಬಂಧ ನನಗೆ ಬಾಯಿಪಾಠ. ಸೊಂಟದ ಸುತ್ತಳತೆ, ರಕ್ತದೊತ್ತಡ, ಸಕ್ಕರೆ, ಕೊಬ್ಬು ಎಲ್ಲವೂ ಒಟ್ಟೊಟ್ಟಿಗೆ ಕೆಡುವುದು ಮೆಟಬಾಲಿಕ್ ಸಿಂಡ್ರೋಮ್. ಅದು ಮೈಮೇಲೆ ಕಾಣುವ ಮೊದಲೇ ರಕ್ತದಲ್ಲಿನ ಕೆಲವು ಪ್ರೋಟೀನುಗಳು ಏರಿ, ಕೆಲವು ಇಳಿದು ಸುಳಿವು ಕೊಡುತ್ತವೆ. ಬಂದವರಿಗೆಲ್ಲ ನೀವು ಇದನ್ನು ಊಟದ ಮೇಜಿನಲ್ಲೇ ಹೇಳುತ್ತಿದ್ದಿರಿ. "ಹೊಟ್ಟೆ ಬರೋಕ್ ಮುಂಚೆ ರಕ್ತ ಮಾತಾಡುತ್ತೆ. ಕೇಳಿಸ್ಕೊಳ್ಳೋ ಕಿವಿ ಬೇಕು, ಅಷ್ಟೇ." ಹಾಗೆನ್ನುತ್ತ ನಿಮ್ಮ ಬೆಲ್ಟ್ ಮದುವೆಯಾದಾಗಿನ ತೂತಿನಲ್ಲೇ ಇದೆ ಎಂದು ತೋರಿಸುತ್ತಿದ್ದಿರಿ.

ಹೋಲಿಸಿ ನೋಡಲು ಅರವತ್ತು ಜನ ಆರೋಗ್ಯವಂತರು ಬೇಕಿತ್ತು. ಆರೋಗ್ಯವಂತರು ಆಸ್ಪತ್ರೆಗೆ ಯಾಕೆ ಬರುತ್ತಾರೆ? ಸಿಬ್ಬಂದಿಯನ್ನೂ ಅವರ ಮನೆಯವರನ್ನೂ ಹಿಡಿದು ಕೂರಿಸಿದಿರಿ. ನಾನು ಮೂವತ್ತೊಂದು, ನೀವು ಮೂವತ್ತೆರಡು. ಪಟ್ಟಿಯಲ್ಲಿ ಮೂವತ್ತೊಂದರ ಮೇಲೆ ಗೆರೆ ಎಳೆದಿತ್ತು. ಪಕ್ಕದಲ್ಲಿ ನಿಮ್ಮ ಅಕ್ಷರ: ಉಪವಾಸವಿರಲಿಲ್ಲ, ಕೈಬಿಡಿ.

ರಕ್ತ ಕೊಟ್ಟ ದಿನ ನಾನು ಹಿಂದಿನ ಸಂಜೆಯಿಂದ ನೀರು ಬಿಟ್ಟು ಬೇರೇನೂ ಮುಟ್ಟಿರಲಿಲ್ಲ. ತಲೆನೋವಿನಲ್ಲಿ ಬಸ್ಸಿನ ಕಂಬಿ ಹಿಡಿದು ಬಂದದ್ದು ನನಗೆ ನೆನಪಿದೆ.

ನಿಮ್ಮ ಅಂಕಿಗಳ ಲೆಕ್ಕ ನೋಡುವ ಹುಡುಗಿಯನ್ನು, ಎಲ್ಲರೂ ಗ್ರಾಫ್ ಎನ್ನುತ್ತಾರಲ್ಲ ಅವಳನ್ನು, ಇದೇನು ಎಂದು ಕೇಳಿದೆ. ಅದು ಯಾರ ನಂಬರೆಂದು ಅವಳಿಗೆ ಗೊತ್ತಿಲ್ಲ. ಪ್ರೋಟೀನುಗಳು ತೀರಾ ಕೆಟ್ಟಿದ್ದವಂತೆ, ಕಾಯಿಲೆಯವರ ಗುಂಪಿನ ನಡುವೆ ಹೋಗಿ ಕೂರುತ್ತಿತ್ತಂತೆ. "ಸರ್ರೇ ತೆಗ್ಸಿದ್ದು ಮೇಡಂ. ಒಂದೇ ಒಂದು ಚುಕ್ಕೆ, ಇಡೀ ಚಿತ್ರ ಕೆಡ್ಸುತ್ತೆ ಅಂದ್ರು." ನಂಬರಿನ ಎದುರಿಗೆ ಹೆಸರಿರುವ ಪಟ್ಟಿ ನಿಮ್ಮ ಕಪಾಟಿನಲ್ಲಿ ಮಾತ್ರ ಇತ್ತು. ಆ ಚುಕ್ಕೆ ಯಾರು ಎಂದು ನೋಡಿಯೇ ಗೆರೆ ಎಳೆದಿರಿ.

ಆ ಗೆರೆ ಎಳೆದು ಎರಡು ವರ್ಷವಾಯಿತು. ಆಗಿನಿಂದ ನೀವು ಆಡಿದ ಒಂದೊಂದು ಮಾತೂ ಈಗ ಬೇರೆ ಥರ ಕೇಳಿಸುತ್ತಿದೆ. "ಸ್ವಲ್ಪ ಎದ್ದು ಓಡಾಡೇ, ಸೋಫಾ ನಿನ್ನ ಆಕಾರಕ್ಕೆ ಬಂದ್ಬಿಟ್ಟಿದೆ" ಎಂದಿರಿ. ನಿಮ್ಮ ವಿಭಾಗದ ಊಟದ ದಿನ ಅಳತೆ ಟೇಪನ್ನು ನನ್ನ ಸೊಂಟಕ್ಕೆ ಸುತ್ತಿ ಸಂಖ್ಯೆಯನ್ನು ಗಟ್ಟಿಯಾಗಿ ಓದಿ, ಮದುವೆಯಾದಾಗ ಈ ಟೇಪಿನಲ್ಲಿ ಇನ್ನೂ ಜಾಗ ಉಳಿಯುತ್ತಿತ್ತು ಎಂದಿರಿ. ಎಲ್ಲರೂ ನಕ್ಕರು, ನಾನೂ ನಕ್ಕೆ. ಒರಟು ಮನುಷ್ಯ ಎಂದುಕೊಂಡು ಸುಮ್ಮನಾದೆ. ಒರಟುತನದೊಂದಿಗೆ ಬಾಳಬಹುದು. ನೀವು ಮಾಡಿದ್ದು ಅದಲ್ಲ. ಕಾಯಿಲೆ ಹೇಳದೆ ಪಥ್ಯ ಹೇಳಿದಿರಿ, ಅದನ್ನೂ ನಗೆಯಾಡುತ್ತ ಹೇಳಿದಿರಿ. ನನಗೆ ಒಂದೇ ಒಂದು ಸಲ ತಿಳಿಸಿದ್ದರೆ, ಹೆಂಡತಿಯನ್ನೇ ಆರೋಗ್ಯವಂತಳೆಂದು ಪಟ್ಟಿಗೆ ಸೇರಿಸಿಕೊಂಡದ್ದು, ಆಮೇಲೆ ಸುಳ್ಳು ಬರೆದು ಹೊರಗೆ ಹಾಕಿದ್ದು, ಎರಡೂ ಬಾಯಿಗೆ ಬರಬೇಕಾಗುತ್ತಿತ್ತು. ಅಷ್ಟಕ್ಕಾಗಿ ಎರಡು ವರ್ಷ ನನ್ನ ಪಕ್ಕದಲ್ಲಿ ಮಲಗಿ ಎದ್ದಿರಿ. ಆ ಮಂಚವನ್ನು ನೆನೆದರೆ ಒದ್ದೆ ಬಟ್ಟೆ ಮೈಗೆ ಅಂಟಿಕೊಂಡ ಹಾಗಾಗುತ್ತದೆ.

ನಿಮ್ಮ ಪರಿಚಯದವರು ಯಾರೂ ಇಲ್ಲದ, ಬಸ್ ನಿಲ್ದಾಣದ ಹಿಂದಿನ ಲ್ಯಾಬಿನಲ್ಲಿ ರಕ್ತ ಕೊಟ್ಟೆ. ನಿಮ್ಮ ಪಟ್ಟಿಯಲ್ಲಿದ್ದ ಪರೀಕ್ಷೆಗಳನ್ನೇ ಚೀಟಿಯಲ್ಲಿ ಬರೆದುಕೊಟ್ಟೆ. ವರದಿ ಬರುವ ಐದು ದಿನ, ಕೂತಲ್ಲೆಲ್ಲ ಚಪ್ಪಲಿಯೊಳಗೆ ಕಾಲ ಬೆರಳು ಆಡಿಸಿ, ಸಕ್ಕರೆ ಕಾಯಿಲೆಗೆ ಮರಗಟ್ಟಿದೆಯೇ, ಸ್ಪರ್ಶ ಇದೆಯೇ ಎಂದು ನೋಡಿಕೊಳ್ಳುತ್ತಿದ್ದೆ. ವರದಿ ಬಂತು. ಎಲ್ಲವೂ ಇರಬೇಕಾದಲ್ಲಿಯೇ ಇತ್ತು.

ಗ್ರಾಫ್ ಹತ್ತಿರ ಮತ್ತೆ ಹೋದೆ. ಅಷ್ಟು ಕೆಟ್ಟದ್ದು ತಾನಾಗಿ ಸರಿಹೋಗುತ್ತದೆಯೇ ಎಂದು ಕೇಳಿದೆ. ಹೋಗುವುದಿಲ್ಲ, ಟ್ಯೂಬೇ ಬೇರೆಯವರದ್ದಿರಬೇಕು ಎಂದಳು ಅವಳು, ಕಣ್ಣು ಪರದೆಯಿಂದ ಎತ್ತದೆ.

ಆಮೇಲೆ ನಾನು ಮಾಡಿದ್ದು ನಿಯಮಕ್ಕೆ ವಿರುದ್ಧ. ಹೊಸ ಫ್ರೀಜರಿನಿಂದ ಆ ಎರಡು ಟ್ಯೂಬುಗಳನ್ನೂ ತೆಗೆದು, ಕರಗಿಸಿ, ಒಂದೆರಡು ಹನಿ ಸೀರಂ, ಅಂದರೆ ರಕ್ತದ ತಿಳಿ, ತೆಗೆದುಕೊಂಡೆ. ರಕ್ತದ ಗುಂಪು ಕಂಡುಹಿಡಿಯುವುದು ನನ್ನ ದಿನನಿತ್ಯದ ಕೆಲಸ. ನನ್ನದು ಓ, ನನ್ನ ಸೀರಂಗೆ ಎ ಗುಂಪಿನ ರಕ್ತಕಣ ಹಾಕಿದರೂ ಬಿ ಗುಂಪಿನದು ಹಾಕಿದರೂ ಕಣಗಳು ಒಂದಕ್ಕೊಂದು ಅಂಟಿ ಹರಳುಗಟ್ಟುತ್ತದೆ. ನಿಮ್ಮದು ಎಬಿ, ಯಾವುದನ್ನು ಹಾಕಿದರೂ ಏನೂ ಆಗುವುದಿಲ್ಲ. ಮೂವತ್ತೆರಡು ಎರಡಕ್ಕೂ ಹರಳುಗಟ್ಟಿತು. ಮೂವತ್ತೊಂದನ್ನು ಮೂರು ಸಲ ಮಾಡಿದೆ. ಮೂರು ಸಲವೂ ಹಾಲಿನ ಹಾಗೆ ನಯವಾಗಿ, ಒಂದು ಹರಳೂ ಇಲ್ಲದೆ ಕೂತಿತ್ತು.

ಅವತ್ತು ಬೆಳಿಗ್ಗೆ ರಕ್ತ ಕೊಟ್ಟವರು ನಾವಿಬ್ಬರೇ. ನಮ್ಮ ರಕ್ತ ತೆಗೆದ ದೊಡ್ಡ ಸಿಸ್ಟರನ್ನು ಕೇಳಿದೆ. ಅವರಿಗೆ ನೆನಪಿತ್ತು. ಟ್ಯೂಬುಗಳಿಗೆ ಮೊದಲೇ ನಂಬರು ಅಂಟಿಸಿ ಸಾಲಾಗಿ ಇಟ್ಟಿದ್ದರಂತೆ. "ಸರ್‌ಗೆ ಮೀಟಿಂಗ್ ಇತ್ತಲ್ಲ, ನಿಮ್ಮನ್ನ ಪಕ್ಕಕ್ಕೆ ನಿಲ್ಸಿ ಅವರೇ ಮೊದ್ಲು ಕೂತ್ರು. ನಾನು ಮುಂದಿದ್ದ ಟ್ಯೂಬ್ ತಗೊಂಡೆ. ಎರಡೂ ಒಂದೇ ಮನೆಯವ್ರದ್ದಲ್ವಾ ಅಂತ ಬಿಟ್ಟೆ." ಹೇಳುವಾಗ ಅವರ ಮುಖ ಸಣ್ಣದಾಯಿತು. ಅವರನ್ನು ಬಯ್ಯಬೇಡಿ. ಸರದಿ ತಪ್ಪಿಸಿದವರು ನೀವು.

ಆ ಚುಕ್ಕೆ ನೀವು, ಡಾಕ್ಟರೇ. ಬೆಲ್ಟಿನ ತೂತು ಬದಲಾಗದವರು. ನಿಮ್ಮ ರಕ್ತ ಎರಡು ವರ್ಷದ ಹಿಂದೆಯೇ ಮಾತಾಡಿತ್ತು. ನಿಮ್ಮ ಪ್ರಬಂಧ ಹೇಳುವುದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಆ ಅರವತ್ತು ಜನರಲ್ಲಿ ಇನ್ನೊಂದಿರಲಿಲ್ಲ. ಹೆಂಡತಿಯದ್ದು ಎಂದುಕೊಂಡು ಅದನ್ನೇ ಅಳಿಸಿದಿರಿ. ಆ ಸಂಜೆ ಮನೆಗೆ ಬಂದು ನನ್ನೆದುರು ಕೂತು ಹೇಳಿದ್ದರೆ, ಮರುದಿನವೇ ನಾನು ಪರೀಕ್ಷೆ ಮಾಡಿಸುತ್ತಿದ್ದೆ, ನನಗೇನೂ ಇಲ್ಲವೆಂದು ಬರುತ್ತಿತ್ತು, ಟ್ಯೂಬು ಅದಲುಬದಲಾದದ್ದು ಆ ವಾರವೇ ತಿಳಿಯುತ್ತಿತ್ತು. ನನ್ನಿಂದ ಮುಚ್ಚಿಟ್ಟದ್ದು ನಿಮ್ಮಿಂದಲೇ ಮುಚ್ಚಿಹೋಯಿತು.

ನ್ಯಾಯವಾಗಿ ನನಗೆ ಇದರಲ್ಲಿ ಸ್ವಲ್ಪವಾದರೂ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ನನ್ನ ವರದಿ ಚೊಕ್ಕವಾಗಿದೆ ಎಂಬುದು ನೀವು ಎಳೆದ ಗೆರೆಯನ್ನು ಅಳಿಸುವುದಿಲ್ಲ. ಅದನ್ನು ಎಳೆಯುವಾಗ ನೀವು ನೋಡಿದ್ದು ನನ್ನ ಹೆಸರನ್ನು.

ಮೂವತ್ತೊಂದನ್ನು ಪಟ್ಟಿಗೆ ವಾಪಸು ಸೇರಿಸಿ, ಏನಾಯಿತೆಂದು ಪರಿಶೀಲನಾ ಸಮಿತಿಗೆ ನೀವೇ ಹೋಗಿ ಹೇಳಿ. ಸೋಮವಾರದವರೆಗೆ ಕಾಯುತ್ತೇನೆ. ಆಮೇಲೆ ಗೆರೆ ಎಳೆದ ಆ ಪಟ್ಟಿಯ ನಕಲನ್ನು, ನಾನು ಟ್ಯೂಬು ಮುಟ್ಟಿದ ತಪ್ಪೊಪ್ಪಿಗೆಯೊಂದಿಗೆ, ನಾನೇ ಕೊಡುತ್ತೇನೆ. ನನ್ನ ಕೆಲಸ ಹೋದರೆ ಹೋಗಲಿ. ಮನೆಗೆ ಯಾವಾಗ ಬರುತ್ತೇನೆ ಎಂದು ಕೇಳಬೇಡಿ. ನಿಮ್ಮ ದನಿ ಕೇಳಿದರೆ ಬರೆದದ್ದರಲ್ಲಿ ಅರ್ಧ ನುಂಗಿಬಿಡುತ್ತೇನೆಂದು ಫೋನು ಆರಿಸಿಟ್ಟಿದ್ದೇನೆ.

ಇಂತಿ,
ನಿಮ್ಮ ಪಟ್ಟಿಯಲ್ಲಿ ಉಪವಾಸವಿರದವಳು

ಮರೆತದ್ದು: ಮರೆತದ್ದಲ್ಲ, ಬರೆಯಲು ಧೈರ್ಯ ಸಾಲದೆ ಉಳಿಸಿಕೊಂಡದ್ದು. ಆ ಟ್ಯೂಬು ಕರಗಿಸಿ ಇವತ್ತಿಗೆ ಹನ್ನೊಂದು ದಿನ. ಹನ್ನೊಂದು ದಿನ ನನಗೆ ಗೊತ್ತಿತ್ತು. ನೀವೂ ಒಂದಿಷ್ಟು ದಿನ ಏನೂ ತಿಳಿಯದವರಾಗಿ ಓಡಾಡಿ ಎಂದುಕೊಂಡೆ. ಹಾಗೆ ನಿಮ್ಮನ್ನು ನೋಡುವುದು ಹಿತವಾಗಿಯೇ ಇತ್ತು. ನಿನ್ನೆ ಸಂಜೆ ಮೆಟ್ಟಿಲು ಹತ್ತಿ ಬಂದು, ಬೆವರು ಒರೆಸಿಕೊಂಡು, ಎಡಗೈ ಭಾರ ಅನಿಸುತ್ತಿದೆ ಎಂದಿರಿ. ಬ್ಯಾಗು ಭಾರ ಇರಬೇಕು ಎಂದೆ. ನಾನೇ ಅಂದೆ, ಎಲ್ಲ ಗೊತ್ತಿದ್ದು. ಬೆಳಿಗ್ಗೆ ಕನ್ನಡಿ ನೋಡಲಾಗದೆ ಮನೆ ಬಿಟ್ಟೆ. ಪತ್ರ ತಂದಿರುವ ಭಾವ ಬಾಗಿಲಲ್ಲೇ ನಿಂತಿರುತ್ತಾರೆ. ಅವರಿಗೆ ಬೇರೇನೂ ಹೇಳಿಲ್ಲ. ನಿಮ್ಮನ್ನು ಇಸಿಜಿ ತೆಗೆಯುವಲ್ಲಿ ಕೂರಿಸದೆ ವಾಪಸು ಬರಬೇಡಿ ಎಂದಷ್ಟೇ ಹೇಳಿದ್ದೇನೆ. ಏಳಿ.