ಮೂರನೇ ಫ್ಲಾಪಿಯ ಕುಂಕುಮ

೨೨ ಅಕ್ಟೋಬರ್ ೧೯೮೮, ಶನಿವಾರ, ಸಾಗರ

ಮೂರು ದಿನದಿಂದ ತಲೆ ತಿನ್ನುತ್ತಿದ್ದ ಮೂರನೇ ಫ್ಲಾಪಿಯ ಗೋಳು ಇವತ್ತು ಮುಗಿಯಿತು. ತಪ್ಪು ನನ್ನದೇ. ಕಂಪೈಲರ್ ಅಂದರೆ ಪ್ರೋಗ್ರಾಮ್ ಕಟ್ಟುವ ಹತ್ಯಾರು ಎಂದು ಕಾಲೇಜಿನ ಅಟೆಂಡರ್ ದುಗ್ಗಪ್ಪನಿಗೆ ಹೇಳಿಕೊಟ್ಟವಳು ನಾನು. ಆಯುಧಪೂಜೆಯ ದಿನ ಅವನು ಅದರ ನಾಲ್ಕೂ ಫ್ಲಾಪಿಗಳನ್ನು ಕವರಿನಿಂದ ತೆಗೆದು ಭಕ್ತಿಯಿಂದ ಕುಂಕುಮ ಹಚ್ಚಿದ್ದ. ಮೂರನೆಯದರಲ್ಲಿ ಕುಂಕುಮ ಒಳಗಿನ ತಟ್ಟೆ ಕಾಣುವ ಕಿಂಡಿಯೊಳಗೇ ಇಳಿದಿತ್ತು. ಕಂಪ್ಯೂಟರ್ ಓದಲೇ ಇಲ್ಲ.

ಕಂಪೈಲರ್ ಕಳಿಸಿದ ಪುಣ್ಯಾತ್ಮ 'ಕೇಳಿದವರಿಗೆಲ್ಲ ಪ್ರತಿ ಮಾಡಿಕೊಡಿ' ಎಂದು ಬರೆದಿದ್ದ. ಹೋದ ತಿಂಗಳು ತೀರ್ಥಹಳ್ಳಿಯ ಟೈಪಿಂಗ್ ಕ್ಲಾಸಿನ ಮುಕುಂದಯ್ಯನವರಿಗೆ ಒಲ್ಲದ ಮನಸ್ಸಿನಿಂದಲೇ ಒಂದು ಪ್ರತಿ ಕೊಟ್ಟಿದ್ದೆ. ಇವತ್ತು ಅವರು ನನ್ನ ಗೋಳಿನ ಸುದ್ದಿ ಕೇಳಿ ಅದನ್ನೇ ಹಿಡಿದು ಬೆಳಗಿನ ಬಸ್ಸಿಗೆ ಬಂದರು.

"ನಿಮ್ದೇ ಅಲ್ವೇನ್ರೀ, ತಗಳಿ" ಅಂದರು.

ಮಧ್ಯಾಹ್ನದೊಳಗೆ ಕಂಪೈಲರ್ ಪೂರ್ತಿ ಕೂತಿತು. ಕನ್ನಡ ಅಚ್ಚಿನ ಪ್ರೋಗ್ರಾಮನ್ನು ಅದರ ಸೋರ್ಸ್ ಕೋಡಿನಿಂದ ನಾವೇ ಕಟ್ಟಿದೆವು. ಪ್ರಿಂಟರ್ ಕಿರಗುಟ್ಟುತ್ತಾ ಮೊದಲು ದುಗ್ಗಪ್ಪನ ಹೆಸರನ್ನೇ ಬರೆಯಿತು. ಅವನು ಹಾಳೆಯನ್ನು ಎರಡೂ ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದ.

"ಮುಂದಿನ್ ವರ್ಷ ಪೂಜೆ ಬ್ಯಾಡ್ವಾ ಮೇಡಂ?"

"ಮಾಡು ಮಾರಾಯ, ಕವರಿಗೆ ಹಚ್ಚು" ಅಂದೆ.

ಖಾಲಿ ಫ್ಲಾಪಿ ಇನ್ನೂ ಎಂಟಿವೆ. ಕೊಡುವುದಕ್ಕೆ ಈಗ ನಾನೇ ಜನ ಹುಡುಕಬೇಕು. ಹೊಸನಗರದಲ್ಲಿ ಯಾರ ಹತ್ತಿರ ಕಂಪ್ಯೂಟರ್ ಇದೆಯೋ ವಿಚಾರಿಸಬೇಕು.