ಯಜಮಾನಿ ಕೂತು ನೋಡಿದ ಸೋಫಾ

ಹದಿನಾಲ್ಕನೇ ತಾರೀಕು, ಬುಧವಾರ
ಕಾರ್ಖಾನೆಯ ಮೇಜಿನಿಂದ, ಬೆಳಗಿನ ಹತ್ತೂವರೆ

ನನ್ನ ಮೀನಮರಿಗೆ,

ಅಮ್ಮನ ಮುದ್ದು. ನೀನು ಚೆನ್ನಾಗಿದ್ದೀಯ ಎಂದು ನಿಮ್ಮಪ್ಪನಿಂದ ಗೊತ್ತಾಯಿತು. ನಾನು ಚೆನ್ನಾಗಿದ್ದೇನೆ ಎಂದು ನಿನಗೂ ಅವರಿಂದಲೇ ಗೊತ್ತಾಗಿರುತ್ತದೆ. ನಮ್ಮಿಬ್ಬರ ನಡುವೆ ಅಂಚೆಯಣ್ಣನಾಗಿ ಓಡಾಡಿ ಆ ಮನುಷ್ಯ ಸವೆದುಹೋಗಿದ್ದಾರೆ. ಅವರಿಗೆ ಸ್ವಲ್ಪ ರಜೆ ಕೊಡೋಣ ಅಂತ ನಾನೇ ಪೆನ್ನು ಹಿಡಿದೆ. ಈ ಕಾಗದವನ್ನು ಏಳೂವರೆ ತಿಂಗಳ ಹಿಂದೆಯೇ ಬರೆಯಬೇಕಿತ್ತು. ಕೆಲಸ ಜಾಸ್ತಿ ಇತ್ತು ಎಂದು ನೆಪ ಹೇಳಬಹುದು, ಆದರೆ ನಿನ್ನ ಹತ್ತಿರ ಅದೆಲ್ಲ ನಡೆಯುವುದಿಲ್ಲ. ಫೋನು ಮಾಡಿದರೆ ನೀನು ಎತ್ತುವುದಿಲ್ಲ. ಮೆಸೇಜು ಹಾಕಿದರೆ ಓದಿದ ಗುರುತು ಬರುತ್ತದೆ, ಉತ್ತರ ಬರುವುದಿಲ್ಲ. ಕಾಗದವನ್ನಾದರೆ ಮಾತಿನ ಮಧ್ಯೆ ಕಟ್ ಮಾಡಲು ಆಗುವುದಿಲ್ಲ. ಹರಿದು ಹಾಕಬಹುದು, ನಿಜ. ಆದರೆ ನೀನು ನನ್ನ ಮಗಳು. ಒಳಗೇನಿದೆ ಎಂದು ನೋಡದೆ ಹರಿಯುವ ಜಾತಿಯವಳಲ್ಲ.

ನೀನು ಬಂದದ್ದು ಆಪರೇಷನ್ ಆದ ಹನ್ನೆರಡನೇ ದಿನ. ನಾನು ಹೇಳಿರಲಿಲ್ಲ, ನಿಮ್ಮಪ್ಪ ಬಾಯಿಬಿಟ್ಟಿದ್ದರು. ಅಡುಗೆಮನೆಯ ಸ್ಟೂಲಿನ ಮೇಲೆ ಕೂತು, ಔಷಧಿ ಬಾಟಲಿಯ ಮುಚ್ಚಳದಲ್ಲಿ ತಿಳಿ ಸೂಪನ್ನು ಹಕ್ಕಿಯ ಹಾಗೆ ಗುಟುಕರಿಸುತ್ತಿದ್ದೆ. ನೀನು ಚೀಲವನ್ನೂ ಇಳಿಸದೆ ಬಾಗಿಲಲ್ಲೇ ನಿಂತು ಕೇಳಿದೆ: "ನಮ್ಮ ಮೈ ನಮ್ದು, ಯಾರ ಮುಂದೂ ಕುಗ್ಗಬೇಡ ಅಂತ ಇಷ್ಟು ವರ್ಷ ಹೇಳ್ಕೊಟ್ಟಿದ್ದು ನೀನೇ ಅಲ್ವಾ? ಈಗ ನೀನೇ ಹೊಟ್ಟೆ ಕೊಯ್ಸ್ಕೊಂಡು ಕೂತಿದ್ದೀಯ. ಹಾಗಾದ್ರೆ ನನ್ನ ನೋಡಿದಾಗ್ಲೂ ನಿಂಗೆ ನಾಚಿಕೆ ಆಗ್ತಿತ್ತಾ ಅಮ್ಮ?"

ಬಾಯಿಗೆ ಬೀಗ ಬಿದ್ದದ್ದು ನನ್ನ ಜನ್ಮದಲ್ಲಿ ಅದೊಂದೇ ಸಲ. ನೀನು ಸಂಜೆಯ ಬಸ್ಸಿಗೇ ವಾಪಸು ಹೊರಟುಹೋದೆ.

ಆ ಪ್ರಶ್ನೆಗೆ ಉತ್ತರ ಕೊಡಲೆಂದೇ ಈ ಕಾಗದ. ಆದರೆ ಸುದ್ದಿ ಹೇಳದೆ ನೇರವಾಗಿ ವಿಷಯಕ್ಕೆ ಬರಲು ನನಗೆ ಯಾವತ್ತೂ ಬಂದಿಲ್ಲ, ಸ್ವಲ್ಪ ಸಹಿಸಿಕೋ.

ನೂರ ಇಪ್ಪತ್ತೆಂಟು ಇದ್ದವಳು ಈಗ ಎಂಬತ್ತಮೂರು. ನಲವತ್ತೈದು ಕಿಲೋ ಎಲ್ಲಿ ಹೋಯಿತು ಎಂದು ನಿಮ್ಮಪ್ಪ ಮನೆಯ ಮೂಲೆಮೂಲೆ ಹುಡುಕುವವರ ಹಾಗೆ ನನ್ನನ್ನು ನೋಡುತ್ತಾರೆ. ಡಾಕ್ಟರು ಹೊಟ್ಟೆಯ ಮುಕ್ಕಾಲು ಭಾಗ ತೆಗೆದು, ಒಂದು ಬಾಳೆಹಣ್ಣಿನಷ್ಟು ಕೊಳವೆ ಉಳಿಸಿದ್ದಾರೆ. ಮೊದಲ ಎರಡು ವಾರ ಬರೀ ನೀರಿನಂಥದ್ದು, ಆಮೇಲೆ ಎರಡು ವಾರ ಅರೆದದ್ದು, ಆಮೇಲೆ ಮೆತ್ತಗಿನದ್ದು. ಹಲ್ಲಿಗೆ ಕೆಲಸ ಸಿಕ್ಕಿದ್ದು ಎರಡನೇ ತಿಂಗಳು ಮುಗಿಯುವಾಗ. ಈಗ ಒಂದು ಹೊತ್ತಿಗೆ ಎಂಟು ಚಮಚ, ಅದೂ ಸಣ್ಣ ಚಮಚ. ಮೊದಲು ಮೊಟ್ಟೆಯೋ ಬೇಳೆಯೋ ಮೊಸರೋ, ಆಮೇಲೆ ತರಕಾರಿ, ಕೊನೆಗೆ ಜಾಗ ಉಳಿದರೆ ಅನ್ನ. ಜಾಗ ಉಳಿಯುವುದಿಲ್ಲ. ಊಟದ ಜೊತೆ ನೀರು ಕುಡಿಯಬಾರದು, ಊಟವಾಗಿ ಅರ್ಧ ಗಂಟೆ ಕಾಯಬೇಕು. ಗುಳಿಗೆಗಳು ಜೀವನಪೂರ್ತಿ. ಎಲ್ಲವನ್ನೂ ಒಂದು ನೋಟುಪುಸ್ತಕದಲ್ಲಿ ಬರೆದಿಡುತ್ತೇನೆ: ಎಷ್ಟು ಚಮಚ, ಎಷ್ಟು ನಿಮಿಷ, ಯಾರ ಮೇಲೆ ಸಿಟ್ಟು ಬಂದಿತ್ತು. ಮೂರನೆಯ ಕಾಲಮ್ಮು ನಾನೇ ಸೇರಿಸಿಕೊಂಡದ್ದು. ಯಾಕೆಂದರೆ ಒಂದು ದಿನ ಸೋಫಾ ಬಟ್ಟೆ ಕಳಿಸುವವನಿಗೆ ಫೋನಿನಲ್ಲಿ ಬೈಯುತ್ತ ಮೊಟ್ಟೆಯನ್ನು ಸರಿಯಾಗಿ ಅಗಿಯದೆ ನುಂಗಿಬಿಟ್ಟೆ. ಎದೆಯೊಳಗೆ ಯಾರೋ ಮೊಳೆ ಹೊಡೆದ ಹಾಗಾಯಿತು, ಬಾಯಿತುಂಬ ನೊರೆ. ಬಚ್ಚಲಿನಲ್ಲಿ ಇಪ್ಪತ್ತು ನಿಮಿಷ ನಿಂತಿದ್ದೆ. ಬೈಗುಳ ಅರ್ಧಕ್ಕೇ ನಿಂತುಹೋಯಿತಲ್ಲ ಎಂಬುದೇ ಹೆಚ್ಚಿನ ಸಂಕಟ.

ಆಸ್ಪತ್ರೆಯ ಪಥ್ಯದ ಮೇಡಂ ನಿನ್ನ ವಯಸ್ಸಿನವಳು. "ಒಂದೊಂದು ತುತ್ತೂ ಮೂವತ್ತು ಸಲ ಅಗೀಬೇಕಮ್ಮ" ಎಂದಳು.

"ಮೂವತ್ತು ಸಲ ಅಗೀತಾ ಕೂತ್ರೆ ನಾನು ಮಾತಾಡೋದು ಯಾವಾಗ ತಾಯಿ?" ಎಂದೆ.

"ಅದಕ್ಕೇ ಹೇಳ್ತಿರೋದು" ಎಂದಳು. ಜೋರಿದ್ದಾಳೆ. ನನಗೆ ಹಿಡಿಸಿದಳು.

ತಲೆಗೂದಲು ನಾಲ್ಕನೇ ತಿಂಗಳಲ್ಲಿ ಬಾಚಣಿಗೆ ತುಂಬ ಬಂತು. ಈಗ ಸಣ್ಣಗೆ ಹೊಸದು ಚಿಗುರುತ್ತಿದೆ. ತೋಳಿನ ಕೆಳಗೆ, ಹೊಟ್ಟೆಯ ಮೇಲೆ ಚರ್ಮ ಜೋತುಬಿದ್ದಿದೆ. ಫೋಮು ತೆಗೆದ ಮೇಲೂ ಹಳೇ ಕವರೇ ಹಾಕಿಟ್ಟ ಕುಶನ್ನಿನ ಹಾಗೆ. ಅದನ್ನೂ ಕತ್ತರಿಸಿ ಹೊಲಿಯುತ್ತಾರಂತೆ. ಬೇಡ ಎಂದೆ. ಈ ಕವರು ನಾನು ದುಡಿದು ತುಂಬಿಸಿದ್ದು, ಇರಲಿ.

ಈಗ ಜನರ ಸುದ್ದಿ. ಎದುರುಮನೆಯಾಕೆ ಗೇಟಿನ ಹತ್ತಿರ ಹಿಡಿದು ನಿಲ್ಲಿಸಿ, "ಈಗ ನೋಡಿ, ಎಷ್ಟು ಲಕ್ಷಣವಾಗಿ ಹೆಂಗಸಿನ ಥರ ಕಾಣ್ತೀರ!" ಎಂದರು.

"ಇಷ್ಟು ದಿನ ಏನು, ಬೀರುವಿನ ಥರ ಕಾಣ್ತಿದ್ನಾ?"

"ಅಯ್ಯೋ, ಹಾಗಲ್ಲ…"

"ಹಾಗೇ ಅನ್ನಿ. ಬೀರುನೇ ಆಗಿದ್ದೆ. ನಿಮ್ಮನೆ ಗುಟ್ಟೂ ಸೇರಿ ಈ ಬೀದಿಯ ಎಲ್ಲರ ಗುಟ್ಟೂ ಅದ್ರೊಳಗೇ ಇತ್ತು. ಈಗ ಜಾಗ ಕಮ್ಮಿ, ಒಂದೊಂದಾಗಿ ಹೊರಗೆ ಹಾಕ್ಬೇಕು."

ಅವತ್ತಿನಿಂದ ಆಕೆ ನನ್ನ ಮೈಯ ಬಗ್ಗೆ ಮಾತಾಡಿಲ್ಲ. ಇನ್ನು ಕೆಲವರು, ಸುಲಭದ ದಾರಿ ಹಿಡಿದೆ ಎನ್ನುತ್ತಾರೆ. ಅಂಥವರಿಗೆ ನನ್ನ ಚಮಚ ಕೊಟ್ಟು, "ಬನ್ನಿ, ಒಂದು ವಾರ ಈ ಸುಲಭದಲ್ಲಿ ಇದ್ದು ಹೋಗಿ" ಎನ್ನುತ್ತೇನೆ. ಒಬ್ಬರೂ ಬಂದಿಲ್ಲ.

ಯಾಕೆ ಮಾಡಿಸಿಕೊಂಡೆ ಎಂದು ನಿನಗೆ ಹೇಳಲೇಬೇಕು. ಕನ್ನಡಿಗಾಗಿ ಅಲ್ಲ. ನಿದ್ದೆಯಲ್ಲಿ ಗಂಟೆಗೆ ನಲವತ್ತು ಸಲ ನನ್ನ ಉಸಿರು ನಿಲ್ಲುತ್ತದೆ ಎಂದು ಪರೀಕ್ಷೆಯಲ್ಲಿ ಬಂತು. ನಿಮ್ಮಪ್ಪನಿಗೆ ಅದು ಪರೀಕ್ಷೆ ಮಾಡುವ ಎರಡು ವರ್ಷ ಮೊದಲೇ ಗೊತ್ತಿತ್ತು. ಉಸಿರು ವಾಪಸು ಬರುವವರೆಗೆ ಎಣಿಸುತ್ತ ಮಲಗಿರುತ್ತಿದ್ದರಂತೆ. ಸಕ್ಕರೆ ಏರಿತ್ತು. ಮಂಡಿ ಎರಡೂ ಹೋಗಿದ್ದವು. ಬರಿಗೈಯಲ್ಲಿ ಶುರುಮಾಡಿ, ಬಾಡಿಗೆ ಶೆಡ್ಡಿನಲ್ಲಿ ಒಂದು ಹೊಲಿಗೆ ಯಂತ್ರ ಇಟ್ಟುಕೊಂಡು ಇಷ್ಟು ಮಾಡಿದವಳು ನಾನು. ಇನ್ನೂ ಇಪ್ಪತ್ತು ವರ್ಷ ಜಗಳವಾಡುವುದು ಬಾಕಿ ಇದೆ, ನಡುವೆ ಎದ್ದುಹೋಗಲು ಒಪ್ಪಲಿಲ್ಲ, ಅಷ್ಟೇ. ನಿನಗೆ ಹೇಳದೆ ಮಾಡಿಸಿಕೊಂಡದ್ದು ತಪ್ಪು, ಒಪ್ಪಿದೆ. ಮಾಡಿಸಿಕೊಂಡದ್ದು ತಪ್ಪಲ್ಲ. ಅದಕ್ಕೆ ನಿನ್ನ ಹತ್ತಿರ ಕ್ಷಮೆ ಕೇಳುವವಳೂ ಅಲ್ಲ.

ಇನ್ನು ಕಾರ್ಖಾನೆಯಲ್ಲಿ ನಡೆದದ್ದು. ಇದನ್ನು ನಿಮ್ಮಪ್ಪ ಖಂಡಿತ ಹೇಳಿರುವುದಿಲ್ಲ, ನನ್ನ ಮಾನ ಕಾಯುವವರು ಅವರು.

ನಮ್ಮ ಪದ್ಧತಿ ನಿನಗೆ ಗೊತ್ತೇ ಇದೆ. ಬಟ್ಟೆ ಹೊದಿಸುವ ಮೊದಲು ಪ್ರತಿ ಸೋಫಾದ ಮೇಲೂ ನಾನು ಮೂರು ಸಲ ಧೊಪ್ಪನೆ ಕೂರುತ್ತೇನೆ: ನಡುವೆ, ಎಡಕ್ಕೆ, ಬಲಕ್ಕೆ. ಮರ ಕಿರುಗುಟ್ಟಿದರೆ ವಾಪಸು. ಸುಮ್ಮನಿದ್ದರೆ ಪಾಸು, ಅಡಿಯಲ್ಲಿ ಚಾಕ್‌ಪೀಸಿನಿಂದ ಒಂದು ಸೊನ್ನೆ ಬರೆಯುತ್ತೇನೆ. 'ಯಜಮಾನಿ ಕೂತು ನೋಡಿದ ಸೋಫಾ' ಎಂದು ಬೋರ್ಡಿನಲ್ಲೇ ಬರೆಸಿದ್ದೇವಲ್ಲ; ಹತ್ತೊಂಬತ್ತು ವರ್ಷದಲ್ಲಿ ಒಂದೂ ಮುರಿದಿರಲಿಲ್ಲ. ಮೂರನೇ ತಿಂಗಳು ನಾನು ಕೆಲಸಕ್ಕೆ ಬಂದೆ. ಯಥಾಪ್ರಕಾರ ಕೂತೆ, ಯಥಾಪ್ರಕಾರ ಸೊನ್ನೆ ಹಾಕಿದೆ. ನಾನು ಬದಲಾಗಿದ್ದೇನೆ ಎಂದು ಇಡೀ ಬೀದಿಗೆ ಗೊತ್ತಿತ್ತು, ನನ್ನ ಸೊನ್ನೆಗೆ ಮಾತ್ರ ಗೊತ್ತಿರಲಿಲ್ಲ.

ಒಂದು ಮೂರು ಸೀಟಿನದು ಗಿರಾಕಿಯ ಮನೆಗೆ ಹೋದ ನಾಲ್ಕೇ ದಿನಕ್ಕೆ ಮುಂದಿನ ಅಡ್ಡಪಟ್ಟಿ ಸೀಳಿ ಮುರಿಯಿತು. ಮೇಸ್ತ್ರಿಯನ್ನು ಕರೆದು ಕೇಳಿದೆ. ತಲೆ ಕೆರೆದುಕೊಂಡ. "ದಪ್ಪ ಮರ ಬಂದಿರ್ಲಿಲ್ಲ ಅಕ್ಕ. ಸ್ವಲ್ಪ ತೆಳ್ಳಂದೇ ಹಾಕ್ದೆ. ಆಗ್ದೇ ಇದ್ರೆ ನೀವು ಕೂತಾಗ ಹೇಗೂ ಗೊತ್ತಾಗುತ್ತಲ್ಲ ಅಂತ."

"ನಾನು ಕೂತೆ. ಗೊತ್ತಾಗ್ಲಿಲ್ಲ."

"ನಿಮ್ಮನ್ನ ನಂಬ್ಕೊಂಡು ಕೆಟ್ಟೆ ನೋಡಿ" ಎಂದ, ಅಳು ಬಂದವನ ಹಾಗೆ.

ಇಬ್ಬರೂ ಗಾಡಿ ಹತ್ತಿ ಆ ಮನೆಗೆ ಹೋದೆವು. ಶಾಲೆಯ ಬಸ್ಸು ಓಡಿಸುವ ಮನುಷ್ಯ. ದೊಡ್ಡ ಆಳು, ನನ್ನ ಹಳೇ ತೂಕಕ್ಕಿಂತ ಎರಡು ಕೈ ಮೇಲೆ. ತನ್ನ ಮನೆಯಲ್ಲೇ ಗೋಡೆಗೆ ಒರಗಿ ನಿಂತಿದ್ದರು. ಉಳಿದ ಕುರ್ಚಿಗಳಲ್ಲೂ ಕೂರಲು ಧೈರ್ಯವಿಲ್ಲ. "ನಾನೇ ಸ್ವಲ್ಪ ಜೋರಾಗಿ ಕೂತ್ಬಿಟ್ಟೆ ಅನ್ಸುತ್ತಮ್ಮ. ರಿಪೇರಿದು ನಾನೇ ನೋಡ್ಕೋತೀನಿ" ಎಂದರು. ಅವರ ಹೆಂಡತಿ ಒಳಗಿಂದ, "ನಾನು ಬಡ್ಕೋತಾನೇ ಇದ್ದೆ, ಕಮ್ಮಿ ತಿನ್ನಿ ಕಮ್ಮಿ ತಿನ್ನಿ ಅಂತ. ಮನುಷ್ಯರು ಹೇಳಿದ್ರೆ ಕೇಳ್ಲಿಲ್ಲ, ಈಗ ಸೋಫಾನೇ ಹೇಳ್ತು!" ಎಂದರು. ಮನೆಮಂದಿಯೆಲ್ಲ ನಕ್ಕರು. ನಮ್ಮ ಮೇಸ್ತ್ರಿಯೂ ಹಲ್ಲು ಬಿಟ್ಟ. ಪಾಪ, ಗೋಡೆಗೆ ಒರಗಿದ್ದವರೂ ನಕ್ಕರು. ಹೊಡೆತ ಬೀಳುವ ಮೊದಲೇ ಕೆನ್ನೆ ಕೊಡುವವರ ನಗು ಅದು. ಆ ನಗುವನ್ನು ನಾನೂ ನೀನೂ ಎಷ್ಟು ಸಲ ನಕ್ಕಿಲ್ಲ?

ನಾನು ನಗಲಿಲ್ಲ. "ನೋಡಿ ಸ್ವಾಮಿ," ಎಂದೆ, "ಸೋಫಾ ಇರೋದೇ ಕೂರೋಕೆ. ಕೂತವರ ಭಾರ ತಡೀದೆ ಇದ್ರೆ ಅದು ಸೋಫಾದ ತಪ್ಪು, ಮಾಡಿದವರ ತಪ್ಪು. ಕೂತವರದ್ದಲ್ಲ. ತೆಳ್ಳಗಿನ ಮರ ಹಾಕಿದ್ದು ಇವನು. ಸೈ ಅಂದಿದ್ದು ನಾನು. ನೀವು ಮಾಡಿದ್ದು ಒಂದೇ, ಕೆಲಸ ಮುಗಿಸಿ ಬಂದು ನಿಮ್ಮ ಮನೇಲಿ ಕೂತಿದ್ದು. ಇನ್ನೊಂದು ಸಲ ರಿಪೇರಿ ದುಡ್ಡಿನ ಮಾತಾಡಿದ್ರೆ ನಂಗೆ ನಿಜವಾಗ್ಲೂ ಸಿಟ್ಟು ಬರುತ್ತೆ."

ಆಕೆ ಒಳಗಿಂದ ಬಂದು ಗಂಡನಿಗೆ ಒಂದು ಲೋಟ ನೀರು ಕೊಟ್ಟರು. ಹೊಸ ಸೋಫಾ ಮಾಡಿ, ನಾವೇ ಹೊತ್ತುಕೊಂಡು ಹೋಗಿ ಇಟ್ಟೆವು. "ಮೊದಲು ನೀವು ಕೂತ್ಕೊಳ್ಳಿ" ಎಂದೆ. ಅವರು ಮೆಲ್ಲಗೆ, ಅಂಚಿನಲ್ಲಿ ಕೂರಲು ಹೋದರು. "ಹಾಗಲ್ಲ. ಬಸ್ಸು ಓಡಿಸಿ ಸುಸ್ತಾಗಿ ಬಂದೋರು ಹಾಗೆ ಕೂರ್ತಾರಾ? ಧೊಪ್ಪಂತ ಕೂತ್ಕೊಳ್ಳಿ." ಕೂತರು. ಮರ ತುಟಿಪಿಟಿಕ್ಕೆನ್ನಲಿಲ್ಲ.

ಈ ಮುರಿದ ಸುದ್ದಿ ಕೇಳಿ ಒಂದಿಬ್ಬರು ಬೋರ್ಡು ತೆಗೆಸಿ ಎಂದರು. ಯಜಮಾನಿಯಲ್ಲಿ ಈಗ ಏನೂ ಉಳಿದಿಲ್ಲವಂತೆ. ಬೋರ್ಡು ಅಲ್ಲೇ ಇದೆ. ಈಗ ನಾನು, ಮೇಸ್ತ್ರಿ ಇಬ್ಬರೂ ಒಟ್ಟಿಗೆ ಕೂರುತ್ತೇವೆ, ತೊಡೆಯ ಮೇಲೆ ಒಂದೊಂದು ಮರಳಿನ ಮೂಟೆ. ಮೊದಲ ದಿನ ಅವನು ನಾಚಿ ನೀರಾದ. "ಅಕ್ಕ, ಯಾರಾದ್ರೂ ನೋಡಿದ್ರೆ ಏನಂದ್ಕೋತಾರೆ?" "ಸೋಫಾ ಗಟ್ಟಿ ಇದೆ ಅಂದ್ಕೋತಾರೆ. ಕೂತ್ಕೋ." ಮೊದಲು ನೂರ ಇಪ್ಪತ್ತೆಂಟು ತಡೆದರೆ ಪಾಸಾಗುತ್ತಿತ್ತು. ಈಗ ಇನ್ನೂರು ತಡೆಯಬೇಕು. ನಾನು ಇಳಿದಿದ್ದೇನೆಯೇ ಹೊರತು ನನ್ನ ಸೋಫಾ ಇಳಿಯುವುದಿಲ್ಲ.

ನೀನೂ ಮಾಡಿಸಿಕೋ ಎಂದು ಹೇಳಲು ಇದನ್ನೆಲ್ಲ ಬರೆದೆ ಎಂದು ತಿಳಿಯಬೇಡ. ನಿನ್ನ ಮೈ, ನಿನ್ನ ಲೆಕ್ಕ. ಈಜುಕೊಳದ ದಂಡೆಯಲ್ಲಿ ಸೀಟಿ ಊದುತ್ತ ನಿಂತು ನಲವತ್ತು ಮಕ್ಕಳಿಗೆ ಉಸಿರು ಬಿಡುವುದು ಕಲಿಸುವ ನಿನ್ನನ್ನು ನಾನು ಬೇಲಿಯ ಆಚೆಯಿಂದ ಎಷ್ಟೋ ಸಲ ನೋಡಿದ್ದೇನೆ. ಅಷ್ಟು ಗಟ್ಟಿಯಾಗಿ ನಿಲ್ಲುವುದು ನನಗೂ ಬರುವುದಿಲ್ಲ. ಅಮ್ಮನನ್ನೇ ನೋಡಿ ಕಲಿತುಕೋ ಎಂದು ಯಾರಾದರೂ ನಿನಗೆ ಬುದ್ಧಿ ಹೇಳಿದರೆ ಅವರ ಫೋನು ನಂಬರು ಕಳಿಸು. ಉಳಿದದ್ದು ನಾನು ನೋಡಿಕೊಳ್ಳುತ್ತೇನೆ.

ಹೊತ್ತುಹೊತ್ತಿಗೆ ಊಟ ಮಾಡು, ಹೊಟ್ಟೆ ತುಂಬ ಮಾಡು. ನೀರಿನಿಂದ ಎದ್ದಮೇಲೆ ಕಿವಿ ಒರೆಸಿಕೋ. ನೂರು ಕಾಲ ಚೆನ್ನಾಗಿರು. ನನ್ನ ಮೇಲೆ ಸಿಟ್ಟಿದ್ದರೂ ಚೆನ್ನಾಗಿರು.

ನಿನ್ನ
ಅಮ್ಮ

ಸಹಿ ಹಾಕಿ, ಕವರಿಗೆ ಹಾಕಿ, ಮತ್ತೆ ತೆಗೆದೆ. ಉತ್ತರ ಕೊಡುತ್ತೇನೆಂದು ಹೇಳಿ ನಾಲ್ಕು ಹಾಳೆ ತುಂಬಿಸಿದ್ದೇನೆ, ಉತ್ತರ ಎಲ್ಲೂ ಇಲ್ಲ.

ಆಗ ನಿನಗೆ ಹನ್ನೊಂದು ವರ್ಷ. ಈಜುವ ಉಡುಪು ತರಲು ಇಬ್ಬರೂ ಅಂಗಡಿಗೆ ಹೋಗಿದ್ದೆವು. ಅಂಗಡಿಯವನು ನಿನ್ನನ್ನು ಮೇಲಿಂದ ಕೆಳಗೆ ನೋಡಿ, "ಈ ಸೈಜು ಬೇಕಂದ್ರೆ ಶಾಮಿಯಾನದ ಅಂಗಡಿಗೆ ಹೋಗ್ಬೇಕಮ್ಮ" ಎಂದ. ಅಲ್ಲಿದ್ದವರೆಲ್ಲ ನಕ್ಕರು. ಬೀದಿಯವರಿಗೆ, ಬ್ಯಾಂಕಿನವರಿಗೆ, ಆಸ್ಪತ್ರೆಯವರಿಗೆಲ್ಲ ತಿರುಗಿ ಉತ್ತರ ಕೊಡುವ ನಿನ್ನ ಅಮ್ಮ ಅವತ್ತು ಅವರ ಜೊತೆ ಸೇರಿ ನಕ್ಕಳು. ಯಾಕೆ ಎಂದು ಹದಿನೈದು ವರ್ಷದಿಂದ ಕೇಳಿಕೊಳ್ಳುತ್ತಿದ್ದೇನೆ. ಆ ಒಂದು ಗಳಿಗೆ, ಅವರು ನಗುತ್ತಿರುವುದು ನಿನ್ನನ್ನು ನೋಡಿ, ನನ್ನನ್ನಲ್ಲ ಎಂದು ನನಗೆ ಹಗುರವಾಯಿತು. ಅಷ್ಟು ನೀಚಳಾದೆ. ನೀನು ರ‍್ಯಾಕಿನ ಕಡೆ ಮುಖ ಮಾಡಿ ನಿಂತಿದ್ದೆ. ನೀನು ನೋಡಲಿಲ್ಲ ಎಂದೇ ಇಷ್ಟು ವರ್ಷ ನನಗೆ ನಾನು ಹೇಳಿಕೊಂಡೆ. ಆದರೆ ಆಮೇಲೆ ನೀನು ನನ್ನ ಜೊತೆ ಯಾವ ಬಟ್ಟೆಯಂಗಡಿಗೂ ಬರಲಿಲ್ಲ.

ಅವತ್ತು ಸಂಜೆ ಶೆಡ್ಡಿಗೆ ಹೋಗಿ ನಿನ್ನ ಉಡುಪನ್ನು ನಾನೇ ಹೊಲಿದೆ. 'ನನ್ನ ಮೊದಲ ಈಜುಡುಪು ಅಮ್ಮನೇ ಹೊಲಿದದ್ದು' ಎಂದು ನೀನು ಈಗಲೂ ಎಲ್ಲರಿಗೂ ಹೆಮ್ಮೆಯಿಂದ ಹೇಳುತ್ತೀಯಂತೆ. ಅದನ್ನು ಹೊಲಿದ ಕಾರಣ ಇದು.

ನಿನ್ನನ್ನು ನೋಡಿ ನನಗೆ ನಾಚಿಕೆಯಾಗುತ್ತಿತ್ತಾ ಎಂದು ಕೇಳಿದೆ. ಆಗಿತ್ತು. ಒಂದು ಸಲ, ಆ ನಗು ಮುಗಿಯುವಷ್ಟು ಹೊತ್ತು. ಅವತ್ತಿನಿಂದ ಇವತ್ತಿನವರೆಗೆ ನಾಚಿಕೆಯಾಗುತ್ತಿರುವುದು ನನ್ನನ್ನು ನೋಡಿ. ಅದನ್ನು ಯಾವ ಡಾಕ್ಟರಿಗೂ ತೋರಿಸಿಲ್ಲ. ನಿನಗೆ ತೋರಿಸಿದ್ದೇನೆ.