ಗುಂಡಿ ಕ್ಯಾಲ್‌ನ ಆರು ಪುಟ

ಬ್ರಾಂಕ್ಸ್, ನ್ಯೂಯಾರ್ಕ್
ಜೂನ್ — ಅಲ್ಲ, ಫೆಬ್ರವರಿ 12, 1942

ಪ್ರೀತಿಯ ತಮ್ಮ ಕಲ್ಮನ್‌ಗೆ,

ಅಕ್ಕ ಫ್ರೂಮಾಳಿಂದ ನಿನ್ನ ಎರಡೂ ಕೆನ್ನೆಗೆ ಮುತ್ತು. ಪೆಸ್ಯಾಗೂ ನಿನ್ನ ಇಬ್ಬರು ಹುಡುಗಿಯರಿಗೂ ನನ್ನ ನೆನಪು ಹೇಳು. ಹುಡುಗಿಯರು ಈಗ ಎಷ್ಟುದ್ದ ಆಗಿದ್ದಾರೋ, ನಾನು ಕಳಿಸಿದ ಉಣ್ಣೆಯ ಟೋಪಿ ದೊಡ್ಡವಳ ತಲೆಗೆ ಹಿಡಿಸುತ್ತದೋ ಇಲ್ಲವೋ.

ಬಹಳ ದಿನವಾಯಿತು ನಿನಗೆ ಬರೆದು. ಬೈಯಬೇಕೆನ್ನಿಸಿದರೆ ಬೈದುಬಿಡು, ಕೇಳಿಸಿಕೊಳ್ಳುತ್ತೇನೆ. ತಡವಾದದ್ದು ಯಾಕೆಂದು ಕೊನೆಯಲ್ಲಿ ಹೇಳುತ್ತೇನೆ. ಮೊದಲು ಸುದ್ದಿ ಕೇಳು. ಕಲ್ಮನ್, ನೀನು ಗೆದ್ದಿದ್ದೀಯ.

ಮೇಲೆ ಜೂನ್ ಎಂದು ಬರೆದದ್ದಕ್ಕೆ ನಗಬೇಡ. ನಮ್ಮ ಕಸುಬೇ ಹಾಗೆ. ಅಂಗಡಿಯಲ್ಲಿ ಪುಸ್ತಕ ಹಳತಾಗಿ ಕಾಣಬಾರದೆಂದು ಮುಖಪುಟದ ಮೇಲೆ ಯಾವಾಗಲೂ ಮೂರು ನಾಲ್ಕು ತಿಂಗಳು ಮುಂದಿನ ಹೆಸರು ಹಾಕುತ್ತೇವೆ. ಹೊರಗೆ ಬೀದಿ ತುಂಬ ಹಿಮ ಬಿದ್ದಿದ್ದರೂ ನಮ್ಮ ಕೋಣೆಯಲ್ಲಿ ಆಗಲೇ ಬೇಸಿಗೆ ಬಂದಿರುತ್ತದೆ. ಹೋದ ವಾರ ಹಲ್ಲಿನ ಡಾಕ್ಟರ ಹತ್ತಿರ ಮೇ ತಿಂಗಳೆಂದು ಬರೆದುಕೊಟ್ಟು, "ಅಲ್ಲೀತನಕ ನೋವು ತಡ್ಕೊಂಡಿರ್ತೀರಾ?" ಎಂದು ಕೇಳಿಸಿಕೊಂಡೆ.

ನಮ್ಮ 'ಕೆಟಲ್ ಕಾಮಿಕ್ಸ್' ಬಗ್ಗೆ ನಿನಗೆ ಹಿಂದೆ ಬಿಡಿಬಿಡಿಯಾಗಿ ಬರೆದಿದ್ದೇನೆ. ಈಗ ಮೊದಲಿನಿಂದ ಹೇಳುತ್ತೇನೆ, ಇಲ್ಲದಿದ್ದರೆ ನಿನ್ನ ಗೆಲುವಿನ ರುಚಿ ನಿನಗೆ ಹತ್ತುವುದಿಲ್ಲ.

ನಮ್ಮ ಯಜಮಾನ ಸೈ ಬ್ರೌಡಿ ಮೊದಲು ದಿನಪತ್ರಿಕೆಗಳಲ್ಲಿ ಬಂದು ಹೋದ ಹಳೆಯ ಚಿತ್ರಕಥೆಗಳನ್ನು ತಂದು, ಕತ್ತರಿಸಿ ಅಂಟಿಸಿ ಪುಸ್ತಕ ಮಾಡುತ್ತಿದ್ದ. ಹಳೆಯದೆಲ್ಲ ಖಾಲಿಯಾದಾಗ ಹೊಸದನ್ನು ನಾವೇ ಬೇಯಿಸಬೇಕಾಯಿತು. ಒಂದು ದೊಡ್ಡ ಕೋಣೆ, ಸಾಲಾಗಿ ಮೇಜು, ಮೇಜಿಗೊಂದು ಕಥೆ. ಒಬ್ಬ ಕುದುರೆ ಸವಾರನನ್ನು ಬರೆಯುತ್ತಿದ್ದ, ಪಕ್ಕದವನು ಪತ್ತೇದಾರನನ್ನು, ಅವನ ಪಕ್ಕದವನು ಮಂತ್ರವಾದಿಯನ್ನು. ಕಾಡಿನ ರಾಣಿ, ಮುದಿ ನಾವಿಕ, ಮಾತಾಡುವ ಬಾತುಕೋಳಿ, ಎಲ್ಲ ಒಂದೇ ಪುಸ್ತಕದೊಳಗೆ. ಬ್ರೌಡಿ ಹೇಳುತ್ತಿದ್ದ, "ಒಂದು ಕಥೆ ಹಿಡಿಸದೆ ಇದ್ರೆ ಹುಡುಗ ಪುಟ ತಿರುಗಿಸ್ಲಿ. ಅಂಗಡಿಗೆ ವಾಪಸ್ ತಂದ್ಕೊಡದೆ ಇದ್ರೆ ಸಾಕು."

ನನ್ನ ಕೆಲಸ ಎರಡು. ಚಿತ್ರದೊಳಗಿನವರ ಬಾಯಿಯಿಂದ ಹೊರಡುವ ಗುಳ್ಳೆಗಳಲ್ಲಿ ಮಾತು ತುಂಬುವುದು ಒಂದು. ನಮ್ಮಪ್ಪ ಬೆರಳಿಗೆ ಹೊಡೆದು ಕಲಿಸಿದ ಅಕ್ಷರ ಇಲ್ಲಿ ಅನ್ನ ಕೊಡುತ್ತಿದೆ. ಇನ್ನೊಂದು ಕೆಲಸ ಎರಡು ಪುಟ ಗದ್ಯ ಬರೆಯುವುದು. ಬರೀ ಚಿತ್ರವಿದ್ದರೆ ಅಂಚೆಯವರು ಅದನ್ನು ಪತ್ರಿಕೆಯೆಂದು ಒಪ್ಪಿ ಕಡಿಮೆ ದರದಲ್ಲಿ ಸಾಗಿಸುವುದಿಲ್ಲ, ಎರಡು ಪುಟವಾದರೂ ಬರೀ ಅಕ್ಷರ ಇರಬೇಕು. ಆ ಪುಟಗಳನ್ನು ಈ ದೇಶದಲ್ಲಿ ಯಾವ ಮಗುವೂ ಓದಿದ್ದಿಲ್ಲ. ಒಮ್ಮೆ ಬೇಸರಕ್ಕೆ ಅದರಲ್ಲಿ ಅಮ್ಮನ ಬೀಟ್‌ರೂಟ್ ಸಾರು ಮಾಡುವ ವಿಧಾನ ಬರೆದುಬಿಟ್ಟೆ. ಒಬ್ಬರೂ ಕೇಳಲಿಲ್ಲ.

ಹೀಗಿರುವಾಗ ಒಂದು ದಿನ ಕುದುರೆ ಸವಾರನನ್ನು ಬರೆಯುತ್ತಿದ್ದವನು ಮದುವೆಯಾಗಿ ಊರು ಬಿಟ್ಟ. ಆರು ಪುಟ ಬಿಳಿಯಾಗಿ ಉಳಿಯಿತು. ಬ್ರೌಡಿ ತಲೆ ಕೆರೆದುಕೊಂಡು ಓಡಾಡುತ್ತಿದ್ದ. ನಾನೂ ವೀಟೋ ಸ್ಕಾರ್ಪಾನೂ ಊಟಕ್ಕೆ ಕೂತಿದ್ದೆವು. ವೀಟೋ ನನ್ನ ಪಕ್ಕದ ಮೇಜಿನ ಚಿತ್ರಗಾರ, ನೇಪಲ್ಸ್ ಕಡೆಯವನು, ಅವನ ಬುತ್ತಿಯ ಮೆಣಸಿನಕಾಯಿಯ ಘಾಟಿಗೆ ನನ್ನ ಮಸಿಯೇ ಒಣಗುತ್ತದೆ. ಸುಮ್ಮನೆ ಮಾತಿಗೆ ಮಾತು ಬಂದು ಅವನಿಗೆ ನಿನ್ನ ಕಥೆ ಹೇಳಿದೆ. ನಿಮ್ಮ ಊರು ಗ್ರೋಡ್ನೋದ ಸಂತೆಯಲ್ಲಿ ಪೇದೆ ನಿನ್ನ ಗಾಡಿ ಹಿಡಿದದ್ದು, ನೀನು ಅವನ ಜೊತೆ ಅರ್ಧ ಗಂಟೆ ಹರಟಿ, ಅವನ ಕೋಟಿನಿಂದಲೇ ಬಿದ್ದ ಗುಂಡಿಯನ್ನು ಅವನಿಗೇ ಮಾರಿ ಬಂದದ್ದು.

ವೀಟೋ ರೊಟ್ಟಿ ಕೆಳಗಿಟ್ಟು, "ಅವನ ಮೂಗು ಹೇಗಿದೆ?" ಎಂದ.

"ನನ್ನ ಹಾಗೇ."

"ಅಯ್ಯೋ ಪಾಪ," ಎಂದು ಪೆನ್ಸಿಲ್ ತೆಗೆದುಕೊಂಡ.

ಸಂಜೆಯ ಹೊತ್ತಿಗೆ ನೀನು ನ್ಯೂಯಾರ್ಕಿನ ಬೀದಿಯಲ್ಲಿ ಸೂಜಿ, ದಾರ, ಅಂಗಿಯ ಗುಂಡಿ ಮಾರುತ್ತ ಗಾಡಿ ತಳ್ಳುತ್ತಿದ್ದೆ. ಹೆಸರು 'ಗುಂಡಿ ಕ್ಯಾಲ್'. ಪ್ರತಿ ತಿಂಗಳು ಯಾವುದೋ ಗಂಡಾಂತರಕ್ಕೆ ಸಿಕ್ಕಿಬೀಳುತ್ತೀಯ, ಆರನೆಯ ಪುಟದಲ್ಲಿ ಬರೀ ಮಾತಿನಿಂದ ತಪ್ಪಿಸಿಕೊಳ್ಳುತ್ತೀಯ. ಕೊನೆಯ ಚಿತ್ರದಲ್ಲಿ ಟೋಪಿ ಎತ್ತಿ ಹಲ್ಲು ಬಿಡುತ್ತೀಯ. ಕಥೆ ನನ್ನದು, ಚಿತ್ರ ವೀಟೋನದು. ನೀನು ಕಳಿಸಿದ್ದ ಮದುವೆಯ ಫೋಟೋ ಅವನ ಮೇಜಿನ ಮೇಲೇ ಇದೆ. ಪೆಸ್ಯಾಳಿಗೆ ಹೇಳು, ಅವಳ ತಲೆಯ ಮೇಲೆ ಮಸಿಯ ಬಾಟಲಿಯ ಉಂಗುರ ಕೂತಿದೆ, ಆದರೂ ರಾಣಿಯ ಹಾಗೆಯೇ ಇದ್ದಾಳೆ.

ಆಮೇಲೆ ಬಂದ ಕ್ಯಾಪ್ಟನ್ ಟರ್ಬೈನ್.

ಆ ವರ್ಷ ಊರಿನ ಪ್ರತಿ ಪ್ರಕಾಶಕನಿಗೂ ಹೆಗಲ ಮೇಲೆ ಬಟ್ಟೆ ಹಾರಿಸಿಕೊಂಡು ಆಕಾಶದಲ್ಲಿ ಹೋಗುವ ಒಬ್ಬ ಬಲಶಾಲಿ ಬೇಕಾಗಿದ್ದ. ನಮಗೂ ಒಬ್ಬ ಸಿಕ್ಕಿದ. ಒಳ್ಳೆಯ ಮನುಷ್ಯನೇ, ರೈಲನ್ನು ಒಂದು ಕೈಯಲ್ಲಿ ಎತ್ತುತ್ತಾನೆ, ಮಾತು ಮಾತ್ರ ಬರುವುದಿಲ್ಲ. ಅವನ ಗುಳ್ಳೆ ತುಂಬಿಸುವುದು ನನಗೆ ಬಹಳ ಸುಲಭದ ಕೆಲಸ. ಆದರೆ ಅವನ ಹಸಿವು ದೊಡ್ಡದು. ಮೊದಲು ಮಂತ್ರವಾದಿಯ ಪುಟ ತಿಂದ. ನಾವಿಕನನ್ನು ತಿಂದ. ಕಾಡಿನ ರಾಣಿಯನ್ನು ಸಿಂಹ ಸಮೇತ ತಿಂದ. ಬಾತುಕೋಳಿ ಹೋದ ದಿನ ಅದನ್ನು ಬರೆಯುತ್ತಿದ್ದ ಮುದುಕ ಮೇಜು ಒರೆಸಿ, ಎಲ್ಲರ ಕೈ ಕುಲುಕಿ ಹೊರಟುಹೋದ, ನಮ್ಮಲ್ಲಿ ಯಾರಿಗೂ ತಲೆ ಎತ್ತಿ ನೋಡಲಾಗಲಿಲ್ಲ.

ಕೊನೆಗೆ ನಿನ್ನ ಸರದಿ ಬಂತು. ಬ್ರೌಡಿ ನನ್ನ ಮೇಜಿಗೆ ಬಂದು ನಿಂತು, "ಫ್ರೂಮಾ, ನೀನು ಒಳ್ಳೇ ಹೆಂಗಸು. ಆದ್ರೆ ಈ ಕಾಲದಲ್ಲಿ ಮಾತಾಡಿ ತಪ್ಪಿಸ್ಕೊಳ್ಳೋನು ಯಾರಿಗೆ ಬೇಕು? ಗುದ್ದೋನು ಬೇಕು," ಎಂದ.

ನಿನಗಲ್ಲದೆ ಇನ್ಯಾರಿಗೆ ಹೇಳಲಿ, ಆ ಆರು ಪುಟ ಹೋದರೆ ನಾನು ತಡೆದುಕೊಳ್ಳಲಾರೆ ಎಂದು ಆ ಕ್ಷಣವೇ ಗೊತ್ತಾಯಿತು. ವೀಟೋ ಎದ್ದು ನಿಂತ.

"ಕ್ಯಾಲ್ ಹೋದ್ರೆ ನಿನ್ನ ಕ್ಯಾಪ್ಟನ್‌ಗೆ ಇನ್ಮೇಲೆ ನಾನು ಮೂಗು ಬರಿಯಲ್ಲ. ಮೂಗಿಲ್ಲದೆ ಹಾರ್ಲಿ."

"ನನ್ಮೇಲೆ ಯಾಕಯ್ಯ ಹಾರಾಡ್ತೀಯ? ಹುಡುಗ್ರನ್ನೇ ಕೇಳೋಣ. ಕೂಪನ್ ಹಾಕೋಣ. ಯಾವ ಕಥೆ ಇಷ್ಟ ಅಂತ ಬರ್ದು ಕಳಿಸ್ಲಿ. ಕೊನೇಲಿ ಬಂದೋನು ಮನೆಗೆ."

ಹಾಗೆ ಒಂದು ಸಂಚಿಕೆಯಲ್ಲಿ ಕೂಪನ್ ಅಚ್ಚಾಯಿತು, ಸುತ್ತ ಚುಕ್ಕಿಯ ಗೆರೆ, ಮೂಲೆಯಲ್ಲೊಂದು ಪುಟ್ಟ ಕತ್ತರಿಯ ಚಿತ್ರ. ಉತ್ತರಗಳನ್ನು ಬಿಚ್ಚುವ ಕೆಲಸ ನನಗೇ ಬಿತ್ತು. ಟರ್ಬೈನ್‌ಗೆ ಬಂದದ್ದು ಗೋಣಿಚೀಲದ ತುಂಬ. ಪತ್ತೇದಾರನಿಗೆ ಒಂದು ಬುಟ್ಟಿ. ನಿನಗೆ ಬಂದದ್ದು ನನ್ನ ಒಂದು ಅಂಗೈಯಲ್ಲಿ ಹಿಡಿಸಿತು.

ಬ್ರೌಡಿ ಕನಿಕರದಿಂದಲೇ ಮಾತಾಡಿದ. "ನೋಡಮ್ಮಾ, ಯಾರೂ ಓದದ ನಿನ್ನ ಆ ಎರಡು ಪುಟಕ್ಕೂ ಇವನಿಗಿಂತ ಜಾಸ್ತಿ ಬಂದಿದೆ. ನಾನಿನ್ನೇನು ಹೇಳ್ಲಿ?"

ಅವನು ಹೋದ ಮೇಲೆ ಸುಮ್ಮನೆ ಕೂತು ಆ ಕೂಪನ್‌ಗಳನ್ನು ಬೆರಳಲ್ಲಿ ಆಡಿಸುತ್ತಿದ್ದೆ. ಒಂದು ಮಗುಚಿಕೊಂಡಿತು. ಅದರ ಬೆನ್ನಿಗೆ ನಿನ್ನ ಮುಖ. ಇನ್ನೊಂದನ್ನು ಮಗುಚಿದೆ. ಅಲ್ಲೂ ನೀನೇ, ಟೋಪಿ ಎತ್ತಿ ಹಲ್ಲು ಬಿಡುತ್ತ. ಗೋಣಿಚೀಲದೊಳಗಿನ ಟರ್ಬೈನ್‌ನ ಅಷ್ಟೂ ಕೂಪನ್‌ಗಳ ಹಿಂದೆಯೂ ನೀನೇ ನಗುತ್ತಿದ್ದೆ. ಪುಟ ಹೊಂದಿಸುವ ಗಡಿಬಿಡಿಯಲ್ಲಿ ನಮ್ಮವರು ಕೂಪನ್ ಅನ್ನು ಕ್ಯಾಲ್‌ನ ಕೊನೆಯ ಚಿತ್ರದ ಬೆನ್ನಿಗೇ ಇಟ್ಟಿದ್ದರು. ಮತ ಹಾಕಬೇಕಾದರೆ ನಿನ್ನ ತಲೆ ಕತ್ತರಿಸಬೇಕು. ನಿನ್ನನ್ನು ಇಷ್ಟಪಡುವ ಮಗು ಯಾವುದು ಕತ್ತರಿ ಹಾಕೀತು?

ಬ್ರೌಡಿಗೆ ತೋರಿಸಿದರೆ, "ಚೆನ್ನಾಗಿದೆ ನೆಪ," ಎಂದ. ವೀಟೋ ಇಟಾಲಿಯನ್‌ನಲ್ಲಿ ಏನೋ ಹೇಳಿದ, ಅರ್ಥವಾಗದಿದ್ದದ್ದೇ ಒಳ್ಳೆಯದಾಯಿತು.

ಆದರೆ ಮುಂದಿನ ವಾರದಿಂದ ಬೇರೆ ಥರದ ಟಪಾಲು ಶುರುವಾಯಿತು. ಮಾಂಸದಂಗಡಿಯ ಕಂದು ಕಾಗದ, ಅಂಗಿಯ ಪೆಟ್ಟಿಗೆಯ ರಟ್ಟು, ಒಂದು ವಾಲ್‌ಪೇಪರ್ ತುಂಡು. ಎಲ್ಲದರ ಮೇಲೂ ಕೈಯಲ್ಲಿ ಗೀಚಿದ ಕೂಪನ್. ಸ್ಕ್ರಾಂಟನ್ ಊರಿನ ಆಗ್ನೆಸ್ ಡೋಬೆಕ್ ಎಂಬ ಹುಡುಗಿ ಕತ್ತರಿಯ ಚಿತ್ರವನ್ನೂ ಬಿಡದೆ ಬರೆದು, ಕೆಳಗೆ ಹೀಗೆ ಸೇರಿಸಿದ್ದಳು: "ಸರ್, ನಿಮ್ಮ ಕೂಪನ್ ಕತ್ತರಿಸಿದ್ರೆ ಕ್ಯಾಲ್ ಟೋಪಿ ಎತ್ತೋ ಚಿತ್ರ ಹೋಗುತ್ತೆ. ಅದಕ್ಕೇ ನಾನೇ ಒಂದು ಮಾಡ್ಕೊಂಡಿದೀನಿ. ಗೆರೆ ಸೊಟ್ಟ ಆಗಿದ್ರೆ ಬೈಬೇಡಿ." ಇನ್ನೊಬ್ಬ ಹುಡುಗ ಬರೆದಿದ್ದ: "ನಮ್ಮಣ್ಣ ಟರ್ಬೈನ್‌ಗೆ ಓಟು ಹಾಕಕ್ಕೆ ನನ್ನ ಪುಸ್ತಕಕ್ಕೆ ಕತ್ತರಿ ಹಾಕ್ದ. ಅವನ ಜೊತೆ ನಾನು ಮಾತು ಬಿಟ್ಟಿದೀನಿ."

ಎಲ್ಲವನ್ನೂ ಬ್ರೌಡಿಯ ಮೇಜಿನ ಮೇಲೆ ಸುರಿದೆ. ಉಪ್ಪಿನಲ್ಲಿ ನೆನೆಸಿದ ಸೌತೆಕಾಯಿ ಕಡಿಯುತ್ತ ಒಂದೊಂದೇ ಓದಿದ. "ಕೈಯಲ್ಲಿ ಬರ್ದಿದ್ದು ಲೆಕ್ಕಕ್ಕಿಲ್ಲ," ಎಂದ. ಇನ್ನೊಂದು ತೆಗೆದುಕೊಂಡ. "ಇದೂ ಇಲ್ಲ. ಇವನಿಗೆ ಸ್ವಂತ ಹೆಸ್ರೇ ಬರಿಯಕ್ಕೆ ಬರಲ್ಲ." ಮಧ್ಯಾಹ್ನವೆಲ್ಲ ಓದಿದ. ಆಗ್ನೆಸ್‌ಳ ಕಾಗದವನ್ನು ಮಾತ್ರ ಯಾರಿಗೂ ಕಾಣದ ಹಾಗೆ ಕೋಟಿನ ಜೇಬಿಗೆ ಸೇರಿಸಿದ. ನಾನು ಕಂಡೆ.

ಮಾರನೆಯ ದಿನ ಬಂದು ಎಲ್ಲರ ಮುಂದೆ, "ಕ್ಯಾಲ್ ಇರ್ಲಿ. ಆರು ಪುಟಾನೂ ಇರ್ಲಿ. ಆದ್ರೆ ಜೂನ್ ಸಂಚಿಕೆ ಮುಖಪುಟದಲ್ಲಿ ಅವನ ಜೊತೆ ಟರ್ಬೈನ್ ಇರ್ಬೇಕು. ಟರ್ಬೈನ್ ಇಲ್ಲದೆ ನನಗೆ ನಿದ್ದೆ ಬರಲ್ಲ," ಎಂದ.

"ಇಬ್ರೂ ಸೇರಿ ಏನ್ ಮಾಡ್ಬೇಕು?" ಎಂದ ವೀಟೋ.

"ಅದು ಫ್ರೂಮಾನ ಕೆಲ್ಸ. ಅವಳ ತಮ್ಮ ತಾನೇ."

ಈಗ ಕೇಳು, ಮುಖಪುಟ ಹೀಗಿದೆ. ಕ್ಯಾಪ್ಟನ್ ಟರ್ಬೈನ್‌ನ ಹೆಗಲ ಬಟ್ಟೆಯ ಗುಂಡಿ ಕಿತ್ತುಹೋಗಿದೆ. ಹಾರಿದರೆ ಬಟ್ಟೆ ಗಾಳಿಗೆ ಹೋಗುತ್ತದೆ. ರೈಲು ಎತ್ತುವ ಆ ಭೂಪ ನಿನ್ನ ಗಾಡಿಯ ಪಕ್ಕ ಶಾಲೆಯ ಹುಡುಗನಂತೆ ಅಲುಗಾಡದೆ ನಿಂತಿದ್ದಾನೆ. ನೀನು ಬಾಯಲ್ಲಿ ದಾರ ಕಚ್ಚಿಕೊಂಡು ಗುಂಡಿ ಹೊಲಿಯುತ್ತಿದ್ದೀಯ. ನಿನ್ನ ಗುಳ್ಳೆಯಲ್ಲಿ ನಾನು ಬರೆದದ್ದು: "ಅಲ್ಲಾಡ್ಬೇಡಪ್ಪ ದೊರೆ, ಚುಚ್ಚಿಬಿಡುತ್ತೆ." ಬ್ರೌಡಿ ನೋಡಿ ಎಷ್ಟು ನಕ್ಕನೆಂದರೆ ಸೌತೆಕಾಯಿ ನೆತ್ತಿಗೇರಿ ವೀಟೋ ಬೆನ್ನು ಗುದ್ದಬೇಕಾಯಿತು. ಕ್ಯಾಲ್‌ನ ಕೊನೆಯ ಚಿತ್ರದ ಬೆನ್ನಿಗೆ ಇನ್ನು ಮುಂದೆ ಏನನ್ನೂ ಅಚ್ಚು ಹಾಕಕೂಡದೆಂದು ಗೋಡೆಯ ಮೇಲೆ ಚೀಟಿಯೂ ಬಿತ್ತು.

ಅಂದು ಸಂಜೆ ವೀಟೋ ಕುಂಚ ತೊಳೆಯುತ್ತ ಅಂದ, "ನಿನ್ನ ತಮ್ಮನ ಮುಖ ಎಷ್ಟು ಸಲ ಬರ್ದಿದೀನಿ ಅಂದ್ರೆ, ಎದುರಿಗೆ ಬಂದ್ರೆ ತಬ್ಕೊಂಡುಬಿಡ್ತೀನಿ. ಅವನಿಗೆ ನಾನ್ಯಾರು ಅಂತಾನೂ ಗೊತ್ತಿರಲ್ಲ." ನನಗೆ ಅಳು ಬಂತು. ಸಂತೋಷಕ್ಕೇ ಅಂದುಕೋ.

ಇಷ್ಟೇ ಸುದ್ದಿ. ನನ್ನ ಕಣ್ಣು ಚೆನ್ನಾಗಿದೆ, ಹಲ್ಲು ಹೇಳಿಕೊಳ್ಳುವ ಹಾಗಿಲ್ಲ. ನೀನು ಚಳಿಯಲ್ಲಿ ಗಾಡಿ ತೆಗೆದುಕೊಂಡು ದೂರ ಹೋಗಬೇಡ, ಎದೆಗೆ ಬಟ್ಟೆ ಸುತ್ತಿಕೋ. ನೂರಿಪ್ಪತ್ತು ವರ್ಷ ಬಾಳು, ಹುಡುಗಿಯರ ಮದುವೆಯಲ್ಲಿ ಕುಣಿ, ನಾನು ಬಂದು ಚಪ್ಪಾಳೆ ಹೊಡೆಯುತ್ತೇನೆ. ದೇವರು ನಿನ್ನ ಬಾಯಿಯ ಮಾತು ಯಾವತ್ತೂ ಬತ್ತಿಸದಿರಲಿ.

ನಿನ್ನ ಅಕ್ಕ,
ಫ್ರೂಮಾ

ಮರೆತ ಮಾತು: ತಡ ಯಾಕಾಯಿತೆಂದು ಹೇಳುತ್ತೇನೆ ಅಂದಿದ್ದೆ. ಕಳೆದ ಬೇಸಿಗೆಯಲ್ಲಿ ಜರ್ಮನರು ನಿಮ್ಮ ಊರಿಗೆ ಬಂದರೆಂದು ಪೇಪರಿನಲ್ಲಿ ಓದಿದ ಮೇಲೆ ನಿನ್ನಿಂದ ಒಂದು ಸಾಲೂ ಬಂದಿಲ್ಲ. ನಾನು ಬರೆದವೆಲ್ಲ ಒಂದೊಂದಾಗಿ ನನಗೇ ವಾಪಸು ಬಂದವು. ಈಗ ಅಂಚೆ ಕಚೇರಿಯ ಕಿಟಕಿಯಲ್ಲಿ ಕೈಗೇ ತೆಗೆದುಕೊಳ್ಳುವುದಿಲ್ಲ. "ಆ ಕಡೆಗೆ ಟಪಾಲು ಇಲ್ಲಮ್ಮ," ಎನ್ನುತ್ತಾನೆ ಅಲ್ಲಿಯವನು, ಪ್ರತಿ ಸಲವೂ ಮೆಲ್ಲಗೆ. ಈ ಕಾಗದವೂ ಹೋಗುವುದಿಲ್ಲ, ಗೊತ್ತು. ಕೈ ಸುಮ್ಮನಿರದೆ ಬರೆದೆ. ನೀನು ಎಲ್ಲಿದ್ದೀಯೋ, ಹುಡುಗಿಯರನ್ನು ಎಲ್ಲಿ ಬಚ್ಚಿಟ್ಟಿದ್ದೀಯೋ ನನಗೆ ತಿಳಿಯದು, ನಮ್ಮ ಯಹೂದಿಗಳಿಗೆ ಅಲ್ಲಿ ಆಗುತ್ತಿರುವುದನ್ನು ಕೇಳಿ ತುಂಬ ಭಯವಾಗುತ್ತದೆ. ಅದಕ್ಕೇ ತಮ್ಮಾ ಆ ಆರು ಪುಟ ನನಗೆ ಬೇಕಾಗಿದ್ದದ್ದು. ಪ್ರತಿ ತಿಂಗಳು ನಿನ್ನನ್ನು ಅಪಾಯಕ್ಕೆ ಸಿಕ್ಕಿಸಿ, ಆರನೆಯ ಪುಟದಲ್ಲಿ ನನ್ನ ಕೈಯಾರೆ ಹೊರಗೆ ತರುತ್ತೇನೆ. ಹೊರಗೆ ಇನ್ನೂ ಫೆಬ್ರವರಿ. ನಾನು ನಿನ್ನನ್ನು ಜೂನ್‌ವರೆಗೆ ಬರೆದು ಮುಗಿಸಿದ್ದೇನೆ, ಕಲ್ಮನ್. ಹೇಗಾದರೂ ಮಾಡಿ ಅಲ್ಲಿಗೆ ಬಂದು ಸೇರು.